ಖಾಲಿ ಚೀಟಿ ಕೊಡುತ್ತಿದ್ದ ಹುಡುಗ

ನಾನು ಟೀಚರು. ಮನೆಯಲ್ಲಿ ಮಾತಿನಿಂದಲೋ ಮೌನದಿಂದಲೋ ನೋಯುವ ಮಕ್ಕಳನ್ನು ಗುರುತಿಸಲು ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. "ಮನೆಯಲ್ಲಿ ನಿನಗೆ ನೋವಾಗುತ್ತದೆಯೇ?" ಅಂತ ಪ್ರಶ್ನೆಪತ್ರಿಕೆ. ಕಾಸರಗೋಡಿನ ಬದಿಯಡ್ಕದಲ್ಲಿ ಜೆರಾಕ್ಸಿಗೇ ಸುಮಾರು 600 ರೂಪಾಯಿ ಹೋಯಿತು. 70ರಷ್ಟು ಮಕ್ಕಳಲ್ಲಿ 'ಹೌದು' ಅಂದವರು ಇಬ್ಬರು. ಒಬ್ಬಳಿಗೆ ಹಲ್ಲುನೋವು! ಆಮೇಲೆ ಮಂಗಳೂರಿನಿಂದ ಒಬ್ಬರನ್ನು ಭಾಷಣಕ್ಕೆ ಕರೆಸಿದೆವು. ಕಾರು, ಊಟ ಸೇರಿ 4,000ದ ಹತ್ತಿರ. ಹೆತ್ತವರು ಚಪ್ಪಾಳೆ ತಟ್ಟಿ ಚಾ ಕುಡಿದು ಹೋದರು.

'ಹೌದು' ಅಂದ ಇನ್ನೊಬ್ಬಳ ವಿಷಯದಲ್ಲಿ ನಾನೇ ಎಡವಿದೆ. ಅವಳ ಅಪ್ಪನನ್ನು ನೇರವಾಗಿ ಕರೆದು ಕೇಳಿಬಿಟ್ಟೆ. "ನಾವು ಅವಳ ಮೇಲೆ ಕೈ ಎತ್ತಿದವರೇ ಅಲ್ಲ ಟೀಚರೇ" ಅಂದರು. ಅದು ಸುಳ್ಳಲ್ಲ. ಆ ಸಂಜೆಯಿಂದ ಹತ್ತು ಹನ್ನೆರಡು ದಿನ ಮನೆಯಲ್ಲಿ ಅವಳೊಡನೆ ಯಾರೂ ಮಾತಾಡಲಿಲ್ಲ. ಅವಳು ನನ್ನೊಡನೆ ಮಾತಾಡಲು ಮೂರು ತಿಂಗಳು ಬೇಕಾಯಿತು.

ಆಮೇಲೆ ಹೊಳೆದದ್ದು ಚೀಟಿ. ಶುಕ್ರವಾರ ಕೊನೆಯ ಪೀರಿಯಡ್, ಹೆಸರು ಬೇಡ. "ಈ ವಾರ ಮನೆಯಲ್ಲಿ ನಿಮಗೆ ಹೇಳಿದ ಒಂದು ಮಾತು ಬರೆಯಿರಿ." ಒಳ್ಳೆಯದೂ ಆಗಬಹುದು. ಸ್ಟಾಫ್ ರೂಮಿನಲ್ಲಿ ನಗು. "ಮಕ್ಕಳು ಕಥೆ ಕಟ್ಟುತ್ತಾರೆ ಮಾರಾಯ್ರೇ" ಅಂದರು ಗಣಿತದ ಮಾಷ್ಟ್ರು. ಕಟ್ಟಲಿ. ನೋಟ್ಸ್ ತಿದ್ದುವವರಿಗೆ ಕೈಬರಹ ಗೊತ್ತಿರುತ್ತದೆ, ಅಲ್ವಾ?

"ಕತ್ತೆ, ಲೆಕ್ಕ ಬರುವುದಿಲ್ವಾ" ಒಂದು ವಾರ ಬಂದು ಹೋಯಿತು. ಅದು ಎಲ್ಲ ಮನೆಯಲ್ಲೂ ಉಂಟು, ಬಿಟ್ಟೆ. "ನೀನು ಹುಟ್ಟಿದ ಮೇಲೆ ಈ ಮನೆಗೆ ಒಳ್ಳೆಯದಾಗಲಿಲ್ಲ" ಒಂದೇ ಕೈಯಿಂದ ನಾಲ್ಕು ವಾರ ಬಂತು. "ಫುಲ್ ಎ ಪ್ಲಸ್ ಬಾರದಿದ್ದರೆ ನನ್ನನ್ನು ಅಮ್ಮ ಅಂತ ಕರೆಯಬೇಡ" ಕೂಡ ಹಾಗೇ.

ಒಬ್ಬ ಮಾತ್ರ ಪ್ರತಿವಾರ ಖಾಲಿ ಚೀಟಿ ಹಾಕುತ್ತಿದ್ದ. ಸೋಮಾರಿ ಅಂತ ಗದರಿದೆ. "ಹೇಳಿದ್ದು ಏನೂ ಇಲ್ಲ ಟೀಚರೇ" ಅಂದ. ಅಪ್ಪ ಗಲ್ಫಿನಲ್ಲಿ, ಇವನು ದೊಡ್ಡಪ್ಪನ ಮನೆಯಲ್ಲಿ. ಅಲ್ಲಿ ಅನ್ನ ಬಡಿಸಿಟ್ಟು ಎದ್ದುಹೋಗುತ್ತಾರೆ, ಅಷ್ಟೇ. ಬೆಂಚು ತಾಗಿದರೂ ಸಾರಿ ಹೇಳುವ ಹುಡುಗ, ವಾರಕ್ಕೆ ಎರಡು ಸಲ ಹೊಟ್ಟೆನೋವು. ನಾನು ಎರಡು ವರ್ಷ ಅವನನ್ನು 'ಪಾಪದ ಹುಡುಗ' ಅಂತ ಹೊಗಳಿದ್ದೆ!

ಮಧ್ಯೆ ಚೀಟಿಯ ಬದಲು ವಾಟ್ಸಪ್ಪಿನಲ್ಲಿ ಧ್ವನಿ ಕಳಿಸಲು ಹೇಳಿ ನೋಡಿದೆ. ಮೊಬೈಲ್ ಇರುವುದು ಮನೆಯವರ ಕೈಯಲ್ಲಿ! ಎರಡೇ ದಿನಕ್ಕೆ ನಿಲ್ಲಿಸಿದೆ. ಹೆತ್ತವರಿಗೆ ಕಾನೂನನ್ನೂ ತೋರಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಾನಸಿಕ ಹಿಂಸೆಗೂ ಅನ್ವಯಿಸುತ್ತದೆ, ಮೂರು ವರ್ಷದವರೆಗೆ ಜೈಲು. ಮುಂದಿನ ಪಿಟಿಎ ಸಭೆಗೆ ಅರ್ಧ ಜನ ಬರಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕಾಗಿ ಬಂದದ್ದು ಒಂದೇ ಸಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಖಾಲಿ ಚೀಟಿಯ ಹುಡುಗನ ದೊಡ್ಡಮ್ಮನ ಹತ್ತಿರ ಮಾತು ಹೇಗೆ ಶುರುಮಾಡಿದೆ ಅಂತ ಕೇಳಬೇಡಿ, ಅದು ನನ್ನ ಗುಟ್ಟು. ಮೂರು ಸಲ ಹೋದೆ, ಶಾಲೆಯ ಹೆಸರೇ ಎತ್ತಲಿಲ್ಲ. ಜುಲೈಯಲ್ಲಿ ಅವನ ಚೀಟಿಯಲ್ಲಿ ಇತ್ತು: "ಕೊಡೆ ತಕೊಂಡು ಹೋಗು."

ಖರ್ಚು? ಹಳೆ ನೋಟ್‌ಬುಕ್ಕಿನ ಹಾಳೆ, ಒಂದು ಬಿಸ್ಕತ್ತಿನ ಡಬ್ಬ. ಗಣಿತದ ಮಾಷ್ಟ್ರು ಈಗ ಹತ್ತನೇ ತರಗತಿಗೂ ಒಂದು ಡಬ್ಬ ಕೇಳಿದ್ದಾರೆ.