ಅರವತ್ತರ ನಂತರದ ಚಾಲನೆ: ಮೊದಲು ಕನ್ನಡಿ ಸರಿಪಡಿಸಿಕೊಳ್ಳಿ

ವಯಸ್ಸಾದವರು ಕಾರಿನ ಕೀಲಿ ಕೈಗೆತ್ತಿಕೊಂಡರೆ ಸಾಕು, ‘ನಿಧಾನವಾಗಿ ಹೋಗಿ’ ಎನ್ನುವವರೇ ಎಲ್ಲರೂ. ನಿಧಾನವೊಂದೇ ಸಾಲದು. ವಯಸ್ಸಿನ ಜೊತೆಗೆ ಕತ್ತು ಬಿಗಿಯುತ್ತದೆ. ಹಿಂದಿರುಗಿ ನೋಡುವುದು ಕಷ್ಟವಾಗುತ್ತದೆ. ಆಗ ಕನ್ನಡಿಯೇ ಗತಿ. ಆದರೆ ಪಕ್ಕದ ಕನ್ನಡಿಯಲ್ಲಿ ಅರ್ಧ ಭಾಗ ತಮ್ಮದೇ ಕಾರಿನ ಬಾಗಿಲು ಕಾಣುವಂತೆ ಇಟ್ಟುಕೊಂಡು ಓಡಿಸುವವರೇ ಹೆಚ್ಚು.

ಮೊದಲು ಸೀಟು. ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ, ಪೆಡಲಿನಡಿ ಸಿಕ್ಕಿಕೊಳ್ಳುತ್ತದೆ.

ಈಗ ಕನ್ನಡಿ. ಒಳಗಿನದನ್ನು ಹಿಂದಿನ ಗಾಜು ಪೂರ್ತಿ ಕಾಣುವಂತೆ ಹೊಂದಿಸಿ. ಬಳಿಕ ತಲೆಯನ್ನು ಬಲಗಡೆಯ ಕಿಟಕಿಗೆ ತಾಗುವಷ್ಟು ವಾಲಿಸಿ, ಕಾರಿನ ಮೈ ಸಣ್ಣ ಅಂಚಿನಷ್ಟು ಮಾತ್ರ ಕಾಣುವವರೆಗೆ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸಿ. ಎಡಗನ್ನಡಿಗೆ ತಲೆಯನ್ನು ಎರಡು ಸೀಟುಗಳ ನಡುವೆ ವಾಲಿಸಿ ಹೀಗೆಯೇ ಮಾಡಿ. ನೆಟ್ಟಗೆ ಕುಳಿತಾಗ ನಿಮ್ಮ ಕಾರು ಕಾಣಿಸದು. ಗಾಬರಿ ಬೇಡ, ಕಾಣಬೇಕಾದದ್ದು ಪಕ್ಕದ ರಸ್ತೆ. ರಿವರ್ಸ್ ತೆಗೆಯುವಾಗ ಮತ್ತೆ ತಲೆ ವಾಲಿಸಿದರೆ ಕಾರಿನ ಮೈ ಕಾಣುತ್ತದೆ.

ಸರಿಯಾಯಿತೋ ಇಲ್ಲವೋ ನೋಡಲು, ಕಾರು ನಿಲ್ಲಿಸಿಕೊಂಡು ಕುಳಿತು, ಮನೆಯವರೊಬ್ಬರಿಗೆ ಹಿಂದಿನಿಂದ ಎರಡು ಮೂರು ಹೆಜ್ಜೆ ಬಲಕ್ಕೆ ಸರಿದು ನಡೆದುಬರಲು ಹೇಳಿ. ಒಳಗನ್ನಡಿಯಿಂದ ಮರೆಯಾಗುವ ಮೊದಲೇ ಅವರು ಬಲಗನ್ನಡಿಯಲ್ಲಿ ಕಾಣಬೇಕು. ಅಲ್ಲಿಂದ ಜಾರುವಷ್ಟರಲ್ಲಿ ನಿಮ್ಮ ಕಣ್ಣಂಚಿಗೆ ಬಂದಿರಬೇಕು. ನಡುವೆ ಮಾಯವಾದರೆ ಕನ್ನಡಿಯನ್ನು ಇನ್ನೂ ಸ್ವಲ್ಪ ತಿದ್ದಿ. ಅಂಗಡಿಯಲ್ಲಿ ಸಿಗುವ, ಅಂಟಿಸುವ ಗುಂಡು ಕನ್ನಡಿಯನ್ನು ನೆಚ್ಚಿಕೊಳ್ಳಬೇಡಿ. ಅದರಲ್ಲಿ ಹತ್ತಿರದ ಬೈಕೂ ದೂರವಿದ್ದಂತೆ ತೋರುತ್ತದೆ.

ಬಲ ತಿರುವಿಗೆ ಕಾಯುವಾಗ ಚಕ್ರ ನೇರವಾಗಿಯೇ ಇರಲಿ. ತಿರುಗಿಸಿಟ್ಟು ಕಾದರೆ, ಹಿಂದಿನ ವಾಹನ ಗುದ್ದಿದಾಗ ಎದುರು ಬರುವ ಲಾರಿಯ ಕಡೆಗೇ ನೀವು ನುಗ್ಗುತ್ತೀರಿ. ಹೊರಡುವ ಮುನ್ನ ದೇಹವನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಆಡಿಸಿ ನೋಡಿ. ಮುಂಗಾಜಿನ ಪಕ್ಕದ ಕಂಬ ಇಡೀ ಸ್ಕೂಟರನ್ನೇ ಮರೆಮಾಡಬಲ್ಲದು. ಸಿಗ್ನಲ್ ಇಲ್ಲದ ಕಡೆ ಹೆದ್ದಾರಿ ದಾಟುವುದಕ್ಕಿಂತ ಎರಡು ಕಿಲೋಮೀಟರ್ ಸುತ್ತುವುದೇ ವಾಸಿ.

ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ತೂಕಡಿಕೆ ತರಿಸುತ್ತವೆ. ಅವನ್ನು ನುಂಗಿದ ದಿನ ಕಾರು ಮನೆಯಲ್ಲೇ ಇರಲಿ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಪ್ರಮಾಣ ನೋಡಿಕೊಳ್ಳದೆ ಹೊರಡಬಾರದು. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕಕ್ಕೆ ಹಣ ಸುರಿಯಬೇಡಿ. ಕಣ್ಣಿಗೆ ಬರುವ ಬೆಳಕನ್ನು ಅದು ಇನ್ನಷ್ಟು ಕಡಿಮೆ ಮಾಡುತ್ತದೆ. ಎದುರಿನ ದೀಪ ಕಣ್ಣು ಕುಕ್ಕುತ್ತಿದ್ದರೆ ಪೊರೆ ಇದೆಯೇ ಎಂದು ಕಣ್ಣಿನ ವೈದ್ಯರಿಗೆ ತೋರಿಸಿ.

ಕೊನೆಗೆ ಪರವಾನಗಿ. 55 ದಾಟಿದವರಿಗೆ ನವೀಕರಣ ಸಿಗುವುದು ಐದು ವರ್ಷಕ್ಕೆ. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರಕ್ಕೆ, ಮುಖವನ್ನೂ ನೋಡದೆ ಸಹಿ ಹಾಕಿಕೊಡುವವರ ಬಳಿ ಹೋಗಬೇಡಿ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲಾಗುತ್ತದೆಯೇ ಎಂದು ಮನೆಯ ಮುಂದೆಯೇ ಅಳೆದು ನೋಡಿಕೊಳ್ಳಿ. ಆಗದಿದ್ದರೆ ಅಂದಿನಿಂದಲೇ ಕೀಲಿಯನ್ನು ಬೇರೆಯವರಿಗೆ ಕೊಡಿ. ಕಣ್ಣು ಸರಿಯಾದ ಮೇಲೆ ಮರಳಿ ಪಡೆಯಿರಿ.