ಕ್ರಾಸಿಂಗ್ ಹೊಲದಿಂದ ಹುಡುಗಿಯರು ಶಾಲೆಗೆ ಬಂದದ್ದು ಹೀಗೆ

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಹತ್ತಿ ಬೀಜ ಬೆಳೆಯುವ ಹೊಲಗಳು ಜಾಸ್ತಿ. ಆಗಸ್ಟ್ ಬಂತೆಂದರೆ ಆರು, ಏಳನೇ ತರಗತಿಯಲ್ಲಿ ಹುಡುಗಿಯರ ಸಾಲು ಖಾಲಿ, ಅವರೆಲ್ಲ ಆ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗರು ಮಾತ್ರ ಬರುತ್ತಿದ್ದರು. ಇದೇ ತೊಂದರೆ ಇರುವ ಊರುಗಳ ಶಿಕ್ಷಕರಿಗೆ ಉಪಯೋಗಕ್ಕೆ ಬರಲಿ ಅಂತ, ನಾವು ಏನು ಮಾಡಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಈ ಕ್ರಾಸಿಂಗ್, ಅಂದರೆ ಎರಡು ತಳಿ ಸೇರಿಸಿ ಹೈಬ್ರಿಡ್ ಬೀಜ ಮಾಡುವ ಕೆಲಸ, ಎಂಥದ್ದು ಅಂತ ಹೇಳಬೇಕು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ತಳಿ ಬಂದಾಗಿನಿಂದ ಹೈಬ್ರಿಡ್ ಹತ್ತಿ ನಮ್ಮ ರೈತರಿಗೆ ಹೊಸದಲ್ಲ. ಆದರೆ ಆ ಬೀಜ ಕೈಯಿಂದಲೇ ಆಗಬೇಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಬೇಕು. ಹೆಬ್ಬೆರಳ ಉಗುರಿನಿಂದ ಅದರ ಎಸಳು, ಕೇಸರ ಎಲ್ಲ ಸುಲಿದು ತೆಗೆಯಬೇಕು. ನಡುವಿನ ಎಳೆ ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಆ ಕಡ್ಡಿಯ ತುದಿಗೆ ಸವರಬೇಕು. ಒಂದು ದಿನ ತಪ್ಪಿದರೂ ಆ ದಿನದ ಹೂ ಕೈಬಿಟ್ಟಂತೆ. ಹಾಗಾಗಿ ಬೆಳಗಿನ ಪಾಠವೂ ಹೋಗುತ್ತದೆ, ಮಧ್ಯಾಹ್ನದ ಪಾಠವೂ ಹೋಗುತ್ತದೆ. ಅದೂ ತಿಂಗಳುಗಟ್ಟಲೆ, ಔಷಧಿ ಹೊಡೆದ ಗಿಡಗಳ ನಡುವೆ.

ಹುಡುಗಿಯರೇ ಯಾಕೆ ಅಂತ ಕೇಳಿದರೆ 'ಅವರ ಬೆರಳು ಸಣ್ಣವು, ಸೂಕ್ಷ್ಮ' ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹುಡುಗಿಗೆ ಕೂಲಿ ಕಡಿಮೆ ಕೊಟ್ಟರೆ ನಡೆಯುತ್ತದೆ, ಎದುರು ಮಾತಾಡುವುದಿಲ್ಲ, ಹಂಗಾಮಿಗೆ ಮುಂಚೆಯೇ ಮನೆಗೆ ಮುಂಗಡ ಕೊಟ್ಟಿರುತ್ತಾರೆ. ಕಾರಣ ಇವು.

ನಾವು ಶುರು ಮಾಡಿದ್ದು ಹೊಲದಿಂದಲ್ಲ, ಮನೆಯಿಂದ. ಹಂಗಾಮು ಶುರುವಾಗುವ ಮೊದಲು, ಜುಲೈನಲ್ಲಿ, ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟು ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಅಂತ ಬರೆಸಿದೆ. ಆರನೇ ತರಗತಿಯ ಒಬ್ಬ ಹುಡುಗ ಬರೆದದ್ದು: ಎದ್ದೆ, ಮುಖ ತೊಳೆದೆ, ಚಹಾ ಕುಡಿದೆ, ಸಾಲಿಗೆ ಬಂದೆ. ಅದೇ ಮನೆಯ ಅವನ ಅಕ್ಕನ ಹಾಳೆ ತುಂಬಿ ಹಿಂದಿನ ಪುಟಕ್ಕೂ ಹೋಗಿತ್ತು. ಕಸ ಹೊಡೆದೆ, ನೀರು ತಂದೆ, ಮುಸುರೆ ತಿಕ್ಕಿದೆ, ರೊಟ್ಟಿ ಬಡಿದೆ, ಅವ್ವಗ ಬುತ್ತಿ ಕಟ್ಟಿದೆ, ಕೂಸಿಗೆ ಎರೆದೆ. ಎರಡೂ ಹಾಳೆಗಳನ್ನು ತಾಯಂದಿರ ಸಭೆಯಲ್ಲಿ ಪಕ್ಕಪಕ್ಕ ಇಟ್ಟು ಹೆಸರು ಹೇಳದೆ ಓದಿದೆ. ಯಾರದ್ದು ಅಂತ ಅವರಿಗೆ ಹೇಳಬೇಕಾಗಿರಲಿಲ್ಲ. ಪ್ರತಿ ಮನೆಯದ್ದೂ ಅದೇ ಕಥೆ ಅಲ್ವಾ.

ಅಲ್ಲಿ ಒಬ್ಬ ತಾಯಿ ಕೇಳಿದರು: "ಅಕ್ಕೋರ, ಆಕಿ ಸಾಲಿಗೆ ಬಂದ್ರ ಕೂಸು ಯಾರು ಹಿಡೀಬೇಕ್ರಿ?"

ಇಡೀ ಸಮಸ್ಯೆ ಈ ಒಂದು ಪ್ರಶ್ನೆಯಲ್ಲಿದೆ. ಇದಕ್ಕೆ ಉತ್ತರ ಕೊಡದೆ ಓದಿನ ಮಹತ್ವ ಹೇಳಿದರೆ ಏನೂ ಆಗುವುದಿಲ್ಲ. ಬಿಸಿಯೂಟವೂ ಇದನ್ನು ಬಿಡಿಸುವುದಿಲ್ಲ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮಂಥ ಜಿಲ್ಲೆಗಳಲ್ಲಿ, ಅದರಿಂದ ಎಷ್ಟೋ ಮಕ್ಕಳು ಶಾಲೆಗೆ ಬಂದರು. ಆದರೆ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡ ಹುಡುಗಿ ಊಟಕ್ಕೆ ಅಂತ ಬಂದರೂ ಪಾಠಕ್ಕೆ ಕೂರಲಾರಳು.

ಹಾಗಾಗಿ ಒಂದೊಂದೇ ಮನೆಗೆ ಸಂಜೆ ಹೋಗಿ, ಅಡುಗೆ ಒಲೆಯ ಹತ್ತಿರವೇ ಕೂತು ಮಾತಾಡಿದೆ. ಮೂರು ವರ್ಷ ದಾಟಿದ ಕೂಸುಗಳನ್ನು ಅಂಗನವಾಡಿಗೆ ಸೇರಿಸಿದೆವು. ಅಂಗನವಾಡಿ ಕಾರ್ಯಕರ್ತೆಯೇ ಮೊದಲ ಕೆಲವು ದಿನ ಮನೆಗೆ ಹೋಗಿ ಕರೆತಂದರು. ಅದಕ್ಕಿಂತ ಸಣ್ಣ ಕೂಸುಗಳದ್ದು ಕಷ್ಟವಾಗಿತ್ತು. 2023ರಲ್ಲಿ ಸರ್ಕಾರ 'ಕೂಸಿನ ಮನೆ' ಘೋಷಿಸಿದ ಮೇಲೆ ನಮ್ಮ ಪಂಚಾಯ್ತಿಯಲ್ಲೂ ಬೇಕು ಅಂತ ತಾಯಂದಿರಿಂದಲೇ ಅರ್ಜಿ ಹಾಕಿಸಿದೆವು. ಅದು ನರೇಗಾ ಕೆಲಸಕ್ಕೆ ಹೋಗುವವರ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಮಾಡಿದ ಕೇಂದ್ರ. ನರೇಗಾದಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬುದನ್ನೂ ಅದೇ ನೆಪದಲ್ಲಿ ಮಾತಾಡಿದೆವು.

ನೀರು ತರುವುದು ಹುಡುಗರ ಪಾಲಿಗೆ ಬರಬೇಕು ಅಂತ ಹಟ ಹಿಡಿದೆ. ಹುಡುಗರು ನಾಚಿಕೊಂಡರು. ಸೈಕಲ್ಲಿಗೆ ಕೊಡ ಕಟ್ಟಿಕೊಂಡು ತರಬಹುದು ಅಂದ ಮೇಲೆ ನಾಚಿಕೆ ಹೋಯಿತು. ಶಾಲೆಯಲ್ಲೂ ಕಸ ಹೊಡೆಯುವುದನ್ನು ಹುಡುಗ, ಹುಡುಗಿ ಇಬ್ಬರಿಗೂ ಪಾಳಿ ಮಾಡಿದೆವು. ಶಾಲೆಯಲ್ಲಿ ಹುಡುಗಿಯರೇ ಕಸ ಹೊಡೆಯುತ್ತಿದ್ದರೆ ಮನೆಯವರಿಗೆ ಬುದ್ಧಿ ಹೇಳಲು ನಮಗೆ ಯಾವ ಬಾಯಿ?

ಹೊಲದ ಮಾಲೀಕರ ಹತ್ತಿರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಜೊತೆ ಹೋದೆವು. '14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ, ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹಾಗೆ ಹೇಳುತ್ತದೆ' ಎಂದೆವು. ಕೆಲವರು 'ನಮ್ಮ ಹೊಲ, ನಮ್ಮ ಮಗಳು' ಎಂದರು. ಸ್ವಂತ ಮನೆಯ ಕೆಲಸಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ ನಿಜ. ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಕ್ರಾಸಿಂಗ್ ಇರುವುದು ಶಾಲೆಯ ಹೊತ್ತಿನಲ್ಲೇ. ಹೀಗೆ ಬಿಡಿಸಿ ಹೇಳಿದಾಗ ಹೆಚ್ಚಿನವರು ಸುಮ್ಮನಾದರು.

ಉಳಿದದ್ದು ಮುಂಗಡ. ಅದು ತೀರದೆ ಹುಡುಗಿ ಬಿಡುಗಡೆಯಾಗಳು. ಮಗಳ ಬದಲು ಅಪ್ಪ ಹೋಗಿ ದುಡಿದು ತೀರಿಸಲಿ ಎಂದೆ. "ಅದು ಹೆಣ್ಣಮಕ್ಕಳ ಕೆಲಸರೀ" ಎಂದರು. ಕೊನೆಗೆ ಒಬ್ಬರು ಹೋದರು. ಅವರ ದಪ್ಪ ಬೆರಳಿಗೂ ಮೊಗ್ಗು ಸುಲಿಯಲು ಬಂತು. ಆಮೇಲೆ ಇನ್ನೂ ಕೆಲವರು ಹೋದರು. ಇದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ.

ಈಗ ಆಗಸ್ಟ್‌ನಲ್ಲೂ ಹುಡುಗಿಯರ ಸಾಲು ತುಂಬಿರುತ್ತದೆ. ಒಬ್ಬಳು ಬರದಿದ್ದರೆ ಅವತ್ತೇ ಮನೆಗೆ ಫೋನ್ ಮಾಡುತ್ತೇವೆ, ಮರುದಿನಕ್ಕೆ ಬಿಡುವುದಿಲ್ಲ.

ಏಳನೇ ತರಗತಿ ಮುಗಿದ ಮೇಲಿನದ್ದೇ ಈಗಿನ ಚಿಂತೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ, ಹೈಸ್ಕೂಲು ಇರುವುದು ಬೇರೆ ಊರಲ್ಲಿ. ಶಕ್ತಿ ಯೋಜನೆಯಿಂದ ಹುಡುಗಿಯರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸೇ ಇಲ್ಲ. ಕತ್ತಲಾಗುತ್ತದೆ ಅಂತ ಓದು ಬಿಡಿಸುತ್ತಾರೆ. ಬಸ್ಸಿನ ಸಮಯ ಬದಲಿಸಿ ಅಂತ ಡಿಪೋಗೆ ಅರ್ಜಿ ಕೊಟ್ಟಿದ್ದೇವೆ. ಈ ಸಲ ಅದರಲ್ಲಿ ಅಪ್ಪಂದಿರ ಸಹಿಗಳೇ ಜಾಸ್ತಿ ಇವೆ.