ಇಟಲಿಯ ರೈಲು ಹತ್ತುವ ಮುಂಚೆ ರಾತ್ರಿಗಳನ್ನು ಎಣಿಸಿ

ನಮ್ಮ ಮನೆ ಸಾಗರದ ಹತ್ತಿರ. ಇಟಲಿಯ ಯೋಚನೆ ಶುರುವಾಗಿದ್ದು ಒಂದು ಆಷಾಢದ ಮಧ್ಯಾಹ್ನ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಊರುಗಳ ಹೆಸರು ಬರೆಯುತ್ತಾ ಹೋದೆ. ಮಿಲಾನ್, ಟುರಿನ್, ಜಿನೋವಾ, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್. 7 ಊರು, 12 ರಾತ್ರಿ. ಹೋಗುವವರು ಮೂರು ಜನ: ನಾನು, ನಮ್ಮ ಯಜಮಾನರು, ಮೊಣಕಾಲು ನೋವಿನ ನನ್ನ ಅಕ್ಕ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಸಂಜೆ ಅದೇ ಹಾಳೆಯಲ್ಲಿ ಲೆಕ್ಕ ಹಾಕಿದರೆ ಕೂಡಿ ಬರಲಿಲ್ಲ. ವೆನಿಸ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ 2 ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಬೆಳಿಗ್ಗೆ ಪೆಟ್ಟಿಗೆ ಕಟ್ಟಬೇಕು, ರೂಮು ಬಿಡಬೇಕು, ಅರ್ಧ ಗಂಟೆ ಮುಂಚೆ ಸ್ಟೇಷನ್ನಿಗೆ ಬಂದಿರಬೇಕು. ಇಳಿದ ಮೇಲೆ ಹೊಸ ಊರಲ್ಲಿ ರೂಮು ಹುಡುಕಬೇಕು. ಎಷ್ಟೋ ಕಡೆ ಕೀ ಕೊಡುವುದೇ ಮಧ್ಯಾಹ್ನದ ಮೇಲೆ. 2 ಗಂಟೆಯ ರೈಲು ಅಂದರೆ 6 ಗಂಟೆಯ ಕೆಲಸ. 7 ಊರಿಗೆ ಹೋದರೆ ಇಂಥ 6 ದಿನ ಕಳೆದುಹೋಗುತ್ತವೆ.

ಹಾಗಾಗಿ ನೀವು ಊರು ಎಣಿಸಬೇಡಿ, ರಾತ್ರಿ ಎಣಿಸಿ. ಒಂದು ಊರಿಗೆ 2 ರಾತ್ರಿಗಿಂತ ಕಡಿಮೆ ಕೊಡಬೇಡಿ. ಒಂದೆರಡು ಊರಿಗೆ 4 ಕೊಡಿ. ಕೊನೆಗೆ ನಮ್ಮ ಹಾಳೆಯಲ್ಲಿ ಉಳಿದದ್ದು ಮಿಲಾನ್ 2, ವೆನಿಸ್ 2, ಫ್ಲಾರೆನ್ಸ್ 4, ರೋಮ್ 4. ಈ ನಾಲ್ಕೂ ಊರು ಹೆಚ್ಚುಕಮ್ಮಿ ಒಂದೇ ಎಳೆಯಲ್ಲಿ ಸಿಗುತ್ತವೆ. ಬಂದ ದಾರಿಯಲ್ಲೇ ತಿರುಗಿ ಹೋಗುವ ಕೆಲಸವಿಲ್ಲ. ವಿಮಾನದ ಟಿಕೆಟ್ಟನ್ನೂ ಹಾಗೇ ತೆಗೆಯಿರಿ, ಮಿಲಾನ್‌ನಲ್ಲಿ ಇಳಿದು ರೋಮ್‌ನಿಂದ ಹೊರಡುವ ಹಾಗೆ. ಮಿಲಾನ್‌ನಿಂದ ರೋಮ್‌ಗೆ 570 ಕಿಲೋಮೀಟರ್ ಹತ್ತಿರ ಹತ್ತಿರ. ಗಂಟೆಗೆ 300 ಕಿಲೋಮೀಟರ್‌ವರೆಗೆ ಓಡುವ ರೈಲು 3 ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ತಾಳಗುಪ್ಪದ ರೈಲು ಹತ್ತಿ ಬೆಂಗಳೂರು ಮುಟ್ಟಲು ನಮಗೆ ಒಂದು ಇಡೀ ರಾತ್ರಿ ಬೇಕು. ಆದರೂ ಆ ವೇಗ ನೋಡಿ ಇನ್ನೊಂದು ಊರು ಸೇರಿಸುವ ಆಸೆಗೆ ಬೀಳಬೇಡಿ.

ಫ್ಲಾರೆನ್ಸ್‌ಗೆ 4 ರಾತ್ರಿ ಕೊಟ್ಟಿದ್ದಕ್ಕೆ ಕಾರಣ ಇದೆ. ಅಲ್ಲಿಂದ ಪೀಸಾಕ್ಕೆ ಲೋಕಲ್ ರೈಲಿನಲ್ಲಿ ಸುಮಾರು 1 ಗಂಟೆ. ಲುಕ್ಕಾ ಊರಿಗೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಪೆಟ್ಟಿಗೆ ರೂಮಿನಲ್ಲೇ ಇರುತ್ತದೆ, ಕೈಯಲ್ಲಿ ಒಂದು ಚೀಲ ಸಾಕು. ಅಲ್ಲಿ ಲೋಕಲ್ ರೈಲಿಗೆ ‘ರೆಜೊನಾಲೆ’ ಅನ್ನುತ್ತಾರೆ. ಅದರ ದರ ದೂರದ ಮೇಲೆ. ಮೂರು ತಿಂಗಳು ಮುಂಚೆ ತೆಗೆದರೂ ಅಷ್ಟೇ, ಹತ್ತುವ ಮುಂಚೆ ತೆಗೆದರೂ ಅಷ್ಟೇ. ಸೀಟು ನಂಬರ್ ಇರುವುದಿಲ್ಲ, ಮಳೆ ಬಂದರೆ ನಾಳೆ ಹೋದರಾಯಿತು. ಕಾಗದದ ಟಿಕೆಟ್ ತೆಗೆದರೆ ಮಾತ್ರ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದಿದ್ದರೆ ಟಿಕೆಟ್ ಇದ್ದರೂ ದಂಡ ಬೀಳಬಹುದು. ಫೋನಿನಲ್ಲಿ ತೆಗೆದರೆ ಅದರಲ್ಲೇ ಚೆಕ್-ಇನ್ ಒತ್ತಬೇಕು. ಮುದ್ರೆ ಒತ್ತಿಸುವ ಕೆಲಸ ಅಕ್ಕನ ಪಾಲಿಗೆ ಬಿಟ್ಟಿದ್ದೆವು. ಒಂದು ದಿನವೂ ಮರೆಯಲಿಲ್ಲ.

ವೇಗದ ರೈಲಿನ ಲೆಕ್ಕವೇ ಬೇರೆ. ಬೇಗ ತೆಗೆದಷ್ಟು ಅಗ್ಗ. ಸರ್ಕಾರಿ ಕಂಪನಿ ಟ್ರೆನಿತಾಲಿಯಾದ ಫ್ರೆಚ್ಚಾರೊಸ್ಸಾ ಒಂದು, 2012ರಲ್ಲಿ ಶುರುವಾದ ಖಾಸಗಿ ಕಂಪನಿಯ ಇತಾಲೊ ಇನ್ನೊಂದು. ಇವೆರಡೂ ಒಂದೇ ಹಳಿಯ ಮೇಲೆ ಓಡುತ್ತವೆ, ಆದರೆ ಇದರ ಟಿಕೆಟ್ ಅದಕ್ಕೆ ನಡೆಯುವುದಿಲ್ಲ. ಎರಡರ ದರವನ್ನೂ ನೋಡಿ. ಎಲ್ಲಕ್ಕಿಂತ ಅಗ್ಗದ ಟಿಕೆಟ್ ತೆಗೆದರೆ ರದ್ದು ಮಾಡಿದಾಗ ಹಣ ವಾಪಸ್ ಬರುವುದಿಲ್ಲ. ನಮ್ಮಲ್ಲಿರುವಂತೆ ವೇಟಿಂಗ್ ಲಿಸ್ಟ್ ಅನ್ನುವುದೂ ಇಲ್ಲ. ಟಿಕೆಟ್ ಸಿಕ್ಕಿದರೆ ಸೀಟು ಸಿಕ್ಕಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೈಗೆ ವೀಸಾ ಬರುವ ಮುಂಚೆ ಆ ಅಗ್ಗದ ಟಿಕೆಟ್ ತೆಗೆಯಬೇಡಿ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಬೇಕು. ರೂಮುಗಳನ್ನು ರದ್ದು ಮಾಡಬಹುದಾದ ರೀತಿಯಲ್ಲಿ ಹಿಡಿದಿಡಿ. ವೀಸಾ ಬಂದ ದಿನವೇ ಕೂತು ರೈಲಿನ ಟಿಕೆಟ್ ತೆಗೆಯಿರಿ. ನಾವು ಅಡಿಕೆ ಸುಲಿದು, ಒಣಗಿಸಿ, ಮಂಡಿಗೆ ಹಾಕಿ, ಏಪ್ರಿಲ್‌ನಲ್ಲಿ ಹೊರಟಿದ್ದು. ನೀವೂ ಆಗ ಹೋಗುವುದಾದರೆ ಈಸ್ಟರ್ ಯಾವಾಗ ಅಂತ ಮೊದಲು ನೋಡಿ. ಏಪ್ರಿಲ್ 25 ಮತ್ತು ಮೇ 1 ಕೂಡ ಅಲ್ಲಿ ರಜೆ. ಆ ದಿನಗಳ ಆಚೀಚೆ ರೈಲು ತುಂಬಿರುತ್ತದೆ.

ಯೂರೋಪಿನ ರೈಲು ಪಾಸ್ ತಗೊಳ್ಳಿ ಅಂತ ಸುಮಾರು ಜನ ಹೇಳಿದರು. ಇಟಲಿ ಒಂದೇ ದೇಶ, ನಾಲ್ಕೈದು ಪ್ರಯಾಣ ಅಂದರೆ ನನ್ನ ಲೆಕ್ಕದಲ್ಲಿ ಅದು ಬೇಡ. ಪಾಸ್ ಇದ್ದರೂ ಫ್ರೆಚ್ಚಾರೊಸ್ಸಾದಲ್ಲಿ ಸೀಟಿಗೆ ಬೇರೆ ಹಣ ಕಟ್ಟಬೇಕು.

ಸ್ಟೇಷನ್ನಿನ ಹೆಸರು ಪೂರ್ತಿ ಓದಿ. ಶಿವಮೊಗ್ಗ ಬೇರೆ, ಶಿವಮೊಗ್ಗ ಟೌನ್ ಬೇರೆ ಅಂತ ನಮಗೆ ಗೊತ್ತಿದೆ, ಹೊರಗಿನವರು ತಪ್ಪಿ ಇಳಿಯುತ್ತಾರೆ. ಅಲ್ಲಿ ಹೊರಗಿನವರು ನಾವು. ವೆನಿಸ್‌ಗೆ ಅಲ್ಲಿ ವೆನೆಟ್ಸಿಯಾ ಅನ್ನುತ್ತಾರೆ. ವೆನೆಟ್ಸಿಯಾ ಮೆಸ್ತ್ರೆ ನೆಲದ ಕಡೆ ಇದೆ, ವೆನೆಟ್ಸಿಯಾ ಸಾಂತಾ ಲೂಚಿಯಾ ನೀರಿನ ಮಧ್ಯೆ. ರೋಮ್‌ನಲ್ಲಿ ತೆರ್ಮಿನಿ ಮತ್ತು ತಿಬುರ್ತಿನಾ. ಫ್ಲಾರೆನ್ಸ್‌ಗೆ ಅಲ್ಲಿಯವರು ಫಿರೆಂಜೆ ಅನ್ನುತ್ತಾರೆ, ಊರೊಳಗಿನ ಸ್ಟೇಷನ್ ಸಾಂತಾ ಮರಿಯಾ ನೊವೆಲ್ಲಾ. ಅಕ್ಕನ ಕಾಲಿಗೋಸ್ಕರ ನಾವು ಮೆಸ್ತ್ರೆಯಲ್ಲಿ ಉಳಿದೆವು. ವೆನಿಸ್ ಒಳಗೆ ಕಾಲುವೆ ದಾಟಿದಲ್ಲೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಸೇತುವೆ. ಪೆಟ್ಟಿಗೆ ಎಳೆದುಕೊಂಡು ಅವಳಿಂದ ಆಗುತ್ತಿರಲಿಲ್ಲ. ಮೆಸ್ತ್ರೆಯಿಂದ 10-12 ನಿಮಿಷದ ರೈಲು, 1846ರಲ್ಲಿ ಕಟ್ಟಿದ ಸೇತುವೆಯ ಮೇಲೆ ಹೋಗುತ್ತದೆ. ಎರಡೂ ಕಡೆ ಬರೀ ನೀರು. ಅಕ್ಕ ಕಿಟಕಿಗೆ ಮುಖ ಒತ್ತಿ “ಸಿಗಂದೂರಿನ ಹಿನ್ನೀರಿನ ಹಾಗೇ ಇದೆಯಲ್ಲೇ” ಅಂದಳು.

ಬೋರ್ಡು ಓದುವುದನ್ನು ಮನೆಯಲ್ಲೇ ಕಲಿತು ಹೋಗಿ. ‘ಪಾರ್ತೆನ್ಸೆ’ ಅಂದರೆ ಹೊರಡುವ ರೈಲು, ‘ಬಿನಾರಿಯೊ’ ಅಂದರೆ ಪ್ಲಾಟ್‌ಫಾರ್ಮ್, ‘ಕರೊಟ್ಸಾ’ ಅಂದರೆ ಬೋಗಿ, ‘ರಿತಾರ್ದೊ’ ಅಂದರೆ ತಡ. ಬೋರ್ಡಿನಲ್ಲಿ ದೊಡ್ಡದಾಗಿ ಇರುವುದು ರೈಲಿನ ಕೊನೆಯ ಊರು, ನಿಮ್ಮ ಊರಲ್ಲ. ಫ್ಲಾರೆನ್ಸ್‌ನಿಂದ ರೋಮ್‌ಗೆ ಹೋಗುವ ರೈಲಿನ ಮುಂದೆ ನಾಪೊಲಿ (ನೇಪಲ್ಸ್) ಅಂತ ಇರಬಹುದು. ರೈಲಿನ ನಂಬರ್ ನೋಡಿ ಹತ್ತಿ. ಪ್ಲಾಟ್‌ಫಾರ್ಮ್ ಎಷ್ಟೋ ಸಲ ಹೊರಡಲು 10-15 ನಿಮಿಷ ಇದ್ದಾಗಲೇ ಗೊತ್ತಾಗುವುದು. ಅದಕ್ಕೇ ಪೆಟ್ಟಿಗೆ ಒಬ್ಬರಿಗೆ ಒಂದೇ ಇರಲಿ, ಅವರವರೇ ಎತ್ತುವಷ್ಟು ಭಾರ ಇರಲಿ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯೂರೋಪಿನಲ್ಲಿ ಬಿಡುವುದಿಲ್ಲ.

ರೈಲು ಬದಲಿಸಲು ನಾನು ಇಟ್ಟ ಸಮಯ ಒಂದು ಕಡೆ ಸಾಲಲಿಲ್ಲ. ಫ್ಲಾರೆನ್ಸ್‌ನಿಂದ ರವೆನ್ನಾ ಊರಿನ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ) ನೋಡಲು ಹೊರಟಿದ್ದೆವು, ಬೊಲೋನ್ಯಾದಲ್ಲಿ ಬದಲಿಸಬೇಕು. 12 ನಿಮಿಷ ಸಾಕು ಅಂದುಕೊಂಡಿದ್ದೆ. ಅಲ್ಲಿ ವೇಗದ ರೈಲು ನಿಲ್ಲುವುದು ನೆಲದ ಕೆಳಗೆ, ತುಂಬಾ ಆಳದಲ್ಲಿ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಬರುವಷ್ಟರಲ್ಲಿ ಲೋಕಲ್ ರೈಲು ಹೋಗಿತ್ತು. ಅದರ ಟಿಕೆಟ್ ತೆಗೆದಿರಲಿಲ್ಲ, ಹಣ ಉಳಿಯಿತು. ಬೊಲೋನ್ಯಾದಲ್ಲಿ 30 ನಿಮಿಷವಾದರೂ ಇಟ್ಟುಕೊಳ್ಳಿ.

ಮುಂದಿನ ರೈಲಿಗೆ ಕಾಯುತ್ತಾ ಹೊರಗೆ ಬಂದೆವು. ಗೋಡೆಯ ಮೇಲಿನ ಗಡಿಯಾರ 10 ಗಂಟೆ 25 ನಿಮಿಷಕ್ಕೆ ನಿಂತಿತ್ತು. ಕೆಟ್ಟಿದೆಯೇನೋ ಅಂದುಕೊಂಡೆ. 1980ರ ಆಗಸ್ಟ್ 2ರಂದು ಅಲ್ಲಿನ ಎರಡನೇ ದರ್ಜೆಯ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಆ ಹೊತ್ತನ್ನೇ ಗಡಿಯಾರ ಇಂದಿಗೂ ತೋರಿಸುತ್ತದೆ. ಒಳಗೆ ಗೋಡೆಯಲ್ಲಿ ಸತ್ತವರ ಹೆಸರು, ವಯಸ್ಸು ಕೆತ್ತಿದ್ದಾರೆ. ಅದರಲ್ಲಿ ಪುಟ್ಟ ಮಕ್ಕಳೂ ಇದ್ದಾರೆ. ನಮ್ಮ ಹಾಗೇ ರೈಲಿಗೆ ಕಾಯುತ್ತಿದ್ದವರು. ರವೆನ್ನಾ ಬರುವವರೆಗೂ ನಾವು ಮೂವರೂ ಜಾಸ್ತಿ ಮಾತಾಡಲಿಲ್ಲ. ನೀವು ಆ ಸ್ಟೇಷನ್ನಿನಲ್ಲಿ ಇಳಿದರೆ 10 ನಿಮಿಷ ಅಲ್ಲಿ ನಿಲ್ಲಿ.

ಇನ್ನು ಮುಷ್ಕರ. ಇಟಲಿಯಲ್ಲಿ ಅದಕ್ಕೆ ‘ಶೊಪೆರೊ’ ಅನ್ನುತ್ತಾರೆ. ಸಾಮಾನ್ಯವಾಗಿ ದಿನಾಂಕ ಮುಂಚೆಯೇ ತಿಳಿಸುತ್ತಾರೆ, ಹೊರಡುವ ವಾರ ಒಮ್ಮೆ ಹುಡುಕಿ ನೋಡಿ. ವಾರದ ಕೆಲಸದ ದಿನ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯವಾದ ಲೋಕಲ್ ರೈಲುಗಳನ್ನು ಓಡಿಸಲೇಬೇಕು ಅನ್ನುವ ನಿಯಮ ಇದೆ. ವಿಮಾನದ ಹಿಂದಿನ ರಾತ್ರಿ ಮಾತ್ರ ವಿಮಾನ ಹೊರಡುವ ಊರಲ್ಲೇ ಇರಿ. ಅದೇ ದಿನ ಬೇರೆ ಊರಿನಿಂದ ರೈಲಿನಲ್ಲಿ ಬಂದು ವಿಮಾನ ಹಿಡಿಯುವ ಲೆಕ್ಕ ಬೇಡ. ರೋಮ್‌ನ ತೆರ್ಮಿನಿಯಿಂದ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ದೊ ಎಕ್ಸ್‌ಪ್ರೆಸ್ 32 ನಿಮಿಷ, ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. ನಾವು ಹೋದಾಗ ತಲೆಗೆ 14 ಯೂರೋ. ಅದರ ಪ್ಲಾಟ್‌ಫಾರ್ಮ್ ಸ್ಟೇಷನ್ನಿನ ತೀರಾ ಒಂದು ತುದಿಗಿದೆ. ಅಕ್ಕನ ನಡಿಗೆಗೆ ಬಾಗಿಲಿನಿಂದ ಅಲ್ಲಿಗೆ ಕಾಲು ಗಂಟೆ ಬೇಕಾಯಿತು, ಅಷ್ಟನ್ನು ಹಾಳೆಯಲ್ಲಿ ಮೊದಲೇ ಬರೆದಿಟ್ಟಿದ್ದೆ.